ಗೋಲುಕಂಬದ ಬಳಿಯ ಮನುಷ್ಯ

ಫುಟ್‌ಬಾಲ್ ಆಟದಲ್ಲಿ ಗೋಲು ಹೊಡೆದವನನ್ನು ಹೆಗಲ ಮೇಲೆ ಹೊತ್ತು ಕುಣಿಯುವುದನ್ನು ನೀವೆಲ್ಲ ಕಂಡಿರಬಹುದು. ಗೋಲು ಕಾಯುವವನ ಪಾಡು ಬೇರೆ. ಅವನು ತಡೆದ ನೂರು ಚೆಂಡುಗಳಿಗೆ ಲೆಕ್ಕವಿಲ್ಲ. ಬಿಟ್ಟ ಒಂದು ಚೆಂಡಿಗೆ ಮಾತ್ರ ಲೆಕ್ಕವುಂಟು. ಶಾಲೆಯ ದಿನಗಳಲ್ಲಿ, ಓಡಲು ಬಾರದವನೆಂಬ ಒಂದೇ ಅರ್ಹತೆಯ ಮೇಲೆ, ನನ್ನನ್ನು ಗೋಲಿನ ಮುಂದೆ ನಿಲ್ಲಿಸುತ್ತಿದ್ದರು. ಆ ಲೆಕ್ಕದ ರುಚಿಯನ್ನು ನಾನೂ ಅಷ್ಟಿಷ್ಟು ಬಲ್ಲೆ. ಆದುದರಿಂದಲೇ ಏನೋ, ಬ್ರೆಜಿಲ್ ದೇಶದ ಮೊವಾಸಿರ್ ಬಾರ್ಬೊಸಾನ ಕಥೆಯನ್ನು ಓದಿದಂದಿನಿಂದ ಅವನು ನನ್ನ ಮನಸ್ಸನ್ನು ಬಿಟ್ಟು ಹೋಗಿಲ್ಲ.

ಬಾರ್ಬೊಸಾ ಹುಟ್ಟಿದ್ದು 1921ರಲ್ಲಿ. ರಿಯೊ ಡಿ ಜನೈರೊ ನಗರದ ವಾಸ್ಕೊ ಡ ಗಾಮಾ ತಂಡದ ಗೋಲುರಕ್ಷಕನಾಗಿದ್ದ ಅವನು ಕೈಗವಸು ತೊಡದೆ ಬರಿಗೈಯಲ್ಲಿಯೇ ಚೆಂಡು ಹಿಡಿಯುತ್ತಿದ್ದ. 1949ರಲ್ಲಿ ದಕ್ಷಿಣ ಅಮೆರಿಕದ ಚಾಂಪಿಯನ್ ಪಟ್ಟ ಗೆದ್ದ ಬ್ರೆಜಿಲ್ ತಂಡದಲ್ಲಿಯೂ ಗೋಲಿನ ಹೊಣೆ ಅವನದೇ.

ಮರುವರ್ಷ ವಿಶ್ವಕಪ್ ಪಂದ್ಯಗಳು ಬ್ರೆಜಿಲಿನಲ್ಲಿಯೇ ನಡೆದವು. ಬ್ರೆಜಿಲ್ ಸ್ವೀಡನ್ನಿನ ವಿರುದ್ಧ ಏಳು, ಸ್ಪೇನಿನ ವಿರುದ್ಧ ಆರು ಗೋಲು ಹೊಡೆದಿತ್ತು. 1950ರ ಜುಲೈ 16ರಂದು ಮರಕಾನ ಕ್ರೀಡಾಂಗಣದಲ್ಲಿ ಉರುಗ್ವೆಯೊಡನೆ ಕೊನೆಯ ಪಂದ್ಯ. ಸಮಬಲವಾದರೂ ಕಪ್ಪು ಬ್ರೆಜಿಲಿನದೇ. ಸುಮಾರು ಎರಡು ಲಕ್ಷ ಜನ ಕಿಕ್ಕಿರಿದಿದ್ದರು.

ಮೊದಲ ಗೋಲು ಬ್ರೆಜಿಲಿಗೆ ದೊರೆಯಿತು. ಬಳಿಕ ಉರುಗ್ವೆಯ ಘಿಜಿಯಾ ಬಲಬದಿಯಿಂದ ನುಗ್ಗಿ ಒದಗಿಸಿದ ಚೆಂಡನ್ನು ಸ್ಕಿಯಾಫಿನೊ ಗೋಲಿಗಟ್ಟಿದ. 79ನೆಯ ನಿಮಿಷದಲ್ಲಿ ಘಿಜಿಯಾ ಅದೇ ದಾರಿಯಲ್ಲಿ ಮತ್ತೆ ಬಂದ. ಈ ಸಲವೂ ಚೆಂಡನ್ನು ಜೊತೆಗಾರನಿಗೆ ಕೊಡುವನೆಂದು ಬಾರ್ಬೊಸಾ ಊಹಿಸಿ, ಕಂಬವನ್ನು ಬಿಟ್ಟು ತುಸು ಸರಿದ. ಅನುಭವಿಯಾದ ಯಾವನೇ ಆದರೂ ಹಾಗೆಯೇ ಊಹಿಸುತ್ತಿದ್ದನೆಂದು ನನಗೆ ತೋರುತ್ತದೆ. ಘಿಜಿಯಾ ಕಂಬಕ್ಕೂ ಅವನಿಗೂ ನಡುವಿನ ಸಂದಿಗೆ ನೇರವಾಗಿ ಒದ್ದ. ಬಾರ್ಬೊಸಾನ ಬೆರಳು ಚೆಂಡಿಗೆ ತಾಗಿತು. ಹೊರಕ್ಕೆ ತಳ್ಳಿದೆನೆಂದೇ ಅವನು ನಂಬಿದ. ತಿರುಗಿ ನೋಡಿದರೆ ಚೆಂಡು ಬಲೆಯಲ್ಲಿತ್ತು. ಕ್ರೀಡಾಂಗಣವೆಲ್ಲ ಮೌನವಾಯಿತು.

ಆ ಒಂದು ಕ್ಷಣಕ್ಕೆ ಅವನು ತೆತ್ತ ಬೆಲೆ ಸಣ್ಣದಲ್ಲ. ಆಟ ಬಿಟ್ಟ ಮೇಲೆ ಅವನು ಕೆಲಸ ಮಾಡಿದ್ದು ಅದೇ ಮರಕಾನದಲ್ಲಿ. 1993ರಲ್ಲಿ ಬ್ರೆಜಿಲ್ ತಂಡದ ಅಭ್ಯಾಸವನ್ನು ನೋಡಲು ಹೋದ ಮುದುಕನನ್ನು, ಅಪಶಕುನವೆಂದು ಒಳಗೆ ಬಿಡಲಿಲ್ಲ. ತನ್ನ ದೇಶದಲ್ಲಿ ಎಂಥ ಅಪರಾಧಕ್ಕೂ 30 ವರ್ಷಕ್ಕಿಂತ ಹೆಚ್ಚಿನ ಸೆರೆಯಿಲ್ಲ, ತನ್ನ ಶಿಕ್ಷೆ ಮಾತ್ರ 50 ವರ್ಷವಾದರೂ ಮುಗಿದಿಲ್ಲವೆಂದು ಅವನು ಹೇಳಿಕೊಂಡಿದ್ದುಂಟು. 2000ದ ಏಪ್ರಿಲಿನಲ್ಲಿ ಅವನು ತೀರಿಕೊಂಡ.

ಕೀರ್ತಿಯ ನಡೆ ವಿಚಿತ್ರ. ಅಂದು ಗೆದ್ದ ತಂಡದ ಗೋಲುರಕ್ಷಕ ರೋಕೆ ಮಾಸ್ಪೊಲಿ. ಉರುಗ್ವೆಯ ಹೊರಗೆ ಅವನ ಹೆಸರನ್ನು ಬಲ್ಲವರು ಎಷ್ಟು ಮಂದಿ? ಸೋತವನ ಹೆಸರಾದರೋ ಸಾಗರಗಳನ್ನು ದಾಟಿ ನನ್ನವರೆಗೂ ಬಂದಿದೆ.

1988ರಲ್ಲಿ ಬ್ರೆಜಿಲಿನಲ್ಲಿ ಬಾರ್ಬೊಸಾನ ಹೆಸರಿನಲ್ಲಿಯೇ ಒಂದು ಕಿರುಚಿತ್ರ ತಯಾರಾಯಿತು. ಅದರಲ್ಲಿ ಒಬ್ಬನು ಕಾಲದಲ್ಲಿ ಹಿಂದಕ್ಕೆ ಪಯಣಿಸಿ, ಆ ಗೋಲನ್ನು ತಪ್ಪಿಸಲು ಮರಕಾನಕ್ಕೆ ಓಡುತ್ತಾನೆ. ಕಂಬದ ಹಿಂದೆ ನಿಂತು ಬಾರ್ಬೊಸಾನನ್ನು ಕೂಗಿ ಕರೆಯುತ್ತಾನೆ. ಬಾರ್ಬೊಸಾ ಆ ಕೂಗಿಗೆ ಗಮನ ಕೊಡುತ್ತಾನೆ. ಅಷ್ಟರಲ್ಲಿ ಚೆಂಡು ಒಳಗೆ ಬಿದ್ದಿರುತ್ತದೆ.