ಗುಟ್ಟು ಹೇಳಿದವನ ಹೆಸರು

ಒಬ್ಬರ ತಪ್ಪನ್ನು ಮತ್ತೊಬ್ಬರಿಗೆ ತಿಳಿಸುವವನನ್ನು ಕರೆಯಲು ನಮ್ಮ ಭಾಷೆಯಲ್ಲಿ ಹೆಸರುಗಳಿಗೆ ಬಡತನವಿಲ್ಲ: ಚಾಡಿಕೋರ, ಪಿಶುನ, ಮನೆಮುರುಕ. ತಾನು ದುಡಿಯುವ ಕಚೇರಿಯಲ್ಲಿಯೇ ಜನರ ಹಣ ಸೋರಿಹೋಗುವುದನ್ನು ಕಂಡು ತಾಳಲಾರದೆ ಬಾಯಿಬಿಟ್ಟವನಿಗೆ ಮಾತ್ರ ಮರ್ಯಾದೆಯ ಹೆಸರೊಂದಿಲ್ಲ. ಇಂಗ್ಲಿಷಿನವರು ಅವನನ್ನು ಸಿಳ್ಳೆ ಊದುವವನೆನ್ನುತ್ತಾರೆ. ಆ ಮಾತು ನಮ್ಮ ಕಿವಿಗೆ ತುಸು ಪುಂಡತನದ್ದಾಗಿಯೇ ಕೇಳುತ್ತದೆ.

ಕೆಲವು ವರ್ಷಗಳ ಹಿಂದೆ ನನ್ನ ಪರಿಚಯದ ಗುಮಾಸ್ತರೊಬ್ಬರು ಮನೆಗೆ ಬಂದಿದ್ದರು. ಅವರ ಸಂಸ್ಥೆಯಲ್ಲಿ ಬಾರದ ಸಾಮಾನಿಗೆ ಹಣ ಸಂದಾಯವಾಗಿತ್ತು. ಯಾವ ಪತ್ರಿಕೆಗೆ ಬರೆಯಬೇಕೆಂದು ಅವರು ಕೇಳಲಿಲ್ಲ. “ರಾಯರೇ, ಬರೆದರೆ ನನ್ನ ಹೆಸರು ಎಷ್ಟು ಕೈ ದಾಟೀತು?” ಎಂದರು. ಆಗ ನನಗೆ ನೆನಪಾದವರು ಸತ್ಯೇಂದ್ರ ದುಬೆ.

ದುಬೆಯವರು ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಎಂಜಿನಿಯರು. ಬಿಹಾರದಲ್ಲಿ ಸುವರ್ಣ ಚತುರ್ಭುಜ ಹೆದ್ದಾರಿಯ ಕೆಲಸ ನೋಡಿಕೊಳ್ಳುತ್ತಿದ್ದಾಗ, ಅಲ್ಲಿಯ ಹಣದ ದುರ್ವಿನಿಯೋಗವನ್ನೂ ಕಳಪೆ ಕೆಲಸವನ್ನೂ ವಿವರಿಸಿ 2002ರಲ್ಲಿ ಪ್ರಧಾನಮಂತ್ರಿಗಳಿಗೆ ಕಾಗದ ಬರೆದರು. ಹೆಸರನ್ನು ಗೋಪ್ಯವಾಗಿಡಬೇಕೆಂದು ಬೇಡಿಕೊಂಡಿದ್ದರು. ಕಾಗದ ಕಚೇರಿಯಿಂದ ಕಚೇರಿಗೆ ಹೋಯಿತು. ಹೆಸರೂ ಅದರ ಸಂಗಡವೇ ಹೋಯಿತು. 2003ರ ನವೆಂಬರ್ 27ರಂದು ಗಯಾ ಪಟ್ಟಣದಲ್ಲಿ ಅವರು ಗುಂಡಿಗೆ ಬಲಿಯಾದರು. 2010ರಲ್ಲಿ ಮೂವರಿಗೆ ಶಿಕ್ಷೆಯಾಯಿತು. ಅದು ದರೋಡೆಕೋರರ ಕೃತ್ಯವೆಂದು ತನಿಖೆಯವರು ಹೇಳಿದರು. ಬಂಧುಗಳಿಗೆ ಅದು ಒಪ್ಪಿಗೆಯಾಗಲಿಲ್ಲ.

ಹಾಗೆಂದು ದೋಷವನ್ನೆಲ್ಲ ಸರ್ಕಾರದ ಮೇಲೆ ಹೊರಿಸಿ ಪತ್ರಿಕೆಯವರು ಕೈತೊಳೆದುಕೊಳ್ಳುವಂತಿಲ್ಲ. ಇಂಗ್ಲೆಂಡಿನ ವಿದೇಶಾಂಗ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಸಾರಾ ಟಿಸ್ಡಾಲ್ ಎಂಬ ತರುಣಿ, ಅಮೆರಿಕದ ಕ್ಷಿಪಣಿಗಳ ಆಗಮನಕ್ಕೆ ಸಂಬಂಧಪಟ್ಟ ಕಾಗದಗಳ ಪ್ರತಿಯನ್ನು 1983ರಲ್ಲಿ ಗಾರ್ಡಿಯನ್ ಪತ್ರಿಕೆಗೆ ಹೆಸರು ಹೇಳದೆ ಮುಟ್ಟಿಸಿದಳು. ತಂದವರಾರೆಂದು ಸಂಪಾದಕರಿಗೇ ತಿಳಿಯದು. ಆದರೆ ಕಾಗದವನ್ನು ಅವರು ಇಟ್ಟುಕೊಂಡಿದ್ದರು. ನ್ಯಾಯಾಲಯ ಕೇಳಿತು, ಒಪ್ಪಿಸಿದರು. ಕಾಗದದ ಮೇಲಿನ ಗುರುತಿನಿಂದ ಪ್ರತಿ ತೆಗೆದ ಯಂತ್ರ ಸಿಕ್ಕಿತು, ಯಂತ್ರದಿಂದ ಆಕೆ ಸಿಕ್ಕಳು. 1984ರಲ್ಲಿ ಆರು ತಿಂಗಳ ಸೆರೆವಾಸ ವಿಧಿಸಲ್ಪಟ್ಟಿತು. ಓದಿ, ಬೇಕಾದುದನ್ನು ಸ್ವಂತ ಕೈಯಲ್ಲಿ ಬರೆದುಕೊಂಡು, ಯಾರೂ ಕೇಳುವುದಕ್ಕೆ ಮೊದಲೇ ಆ ಪ್ರತಿಯನ್ನು ಒಲೆಗೆ ಹಾಕಿದ್ದರೆ ಸಂಪಾದಕರ ಧರ್ಮಸಂಕಟವೇ ಹುಟ್ಟುತ್ತಿರಲಿಲ್ಲವೆಂದು ನನ್ನ ಮತ. ಈಗಂತೂ ಬಣ್ಣದ ಲೇಸರ್ ಮುದ್ರಣಯಂತ್ರಗಳಲ್ಲಿ ಅನೇಕವು, ಯಾವ ಯಂತ್ರದಿಂದ ಎಂದು ಅಚ್ಚಾಯಿತೆಂಬುದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಹಳದಿ ಚುಕ್ಕೆಗಳಲ್ಲಿ ಹಾಳೆಯ ಮೇಲೆ ಬರೆದಿಡುತ್ತವೆ. ಯಂತ್ರವೇ ಪಿಶುನನಾದ ಕಾಲವಿದು!

ಕಾನೂನಿನ ಆಶ್ರಯವೆಷ್ಟು? 1978ರ ಪತ್ರಿಕಾ ಮಂಡಳಿಯ ಕಾಯಿದೆಯು ಸುದ್ದಿಯ ಮೂಲವನ್ನು ಹೇಳೆಂದು ಪತ್ರಿಕಾಕರ್ತನನ್ನು ಬಲಾತ್ಕರಿಸುವುದಿಲ್ಲ. ಆ ರಿಯಾಯಿತಿ ಮಂಡಳಿಯೆದುರಿಗೆ ಮಾತ್ರ, ನ್ಯಾಯಾಲಯದಲ್ಲಿ ನಡೆಯದು. ದೂರುಗಾರರ ರಕ್ಷಣೆಯ ಕಾಯಿದೆ 2014ರಲ್ಲಿ ಅಂಕಿತವಾಗಿ, ಹತ್ತು ವರ್ಷ ಕಳೆದರೂ ಜಾರಿಗೆ ಬರಲಿಲ್ಲ. ಅದರಲ್ಲಿಯೂ ಹೆಸರಿಲ್ಲದ ದೂರಿಗೆ ಬೆಲೆಯಿಲ್ಲ.

ಆದಕಾರಣ ಸಹಾಯವು ದೂರಿಗಿಂತ ಮೊದಲೇ ಸಿಕ್ಕಬೇಕು. ಲಂಡನ್ನಿನಲ್ಲಿ 1993ರಲ್ಲಿ ಹುಟ್ಟಿ ಈಗ ಪ್ರೊಟೆಕ್ಟ್ ಎನಿಸಿಕೊಂಡಿರುವ ಸಂಘವು, ಬಾಯಿಬಿಡಬೇಕೆ ಬೇಡವೆ ಎಂದು ತೊಳಲುವವರಿಗೆ ಕಾನೂನಿನ ಸಲಹೆಯನ್ನು ಹಣ ತೆಗೆದುಕೊಳ್ಳದೆ ಕೊಡುತ್ತದೆ. ಯಾರಿಗೆ ಹೇಳಬೇಕು, ಎಷ್ಟು ಹೇಳಬೇಕು, ಕೆಲಸ ಹೋದರೆ ಗತಿಯೇನು ಎಂಬುದನ್ನು ವಕೀಲನು ಹೇಳಬಲ್ಲ. ಸುದ್ದಿಯ ಆತುರದಲ್ಲಿರುವ ಪತ್ರಿಕಾಕರ್ತನಿಂದ ಈ ತಾಳ್ಮೆಯನ್ನು ಪೂರ್ತಿಯಾಗಿ ನಿರೀಕ್ಷಿಸಲಾಗದು. ತನ್ನಿಂದ ಏನಾಗದೆಂಬುದನ್ನು ಮೊದಲ ದಿನವೇ ತಿಳಿಸಿ ಅಂಥವರಲ್ಲಿಗೆ ಕಳುಹಿಸಿದರೆ ಅವನ ಪಾಲಿನ ಋಣ ತೀರಿತು. ನಮ್ಮ ಜಿಲ್ಲೆಯಲ್ಲಿ ಅಂಥದೊಂದನ್ನು ತೆರೆಯುವುದಕ್ಕೆ ಬಾಯಿ ಭದ್ರವಾದ ಇಬ್ಬರು ವಕೀಲರೂ ಒಂದು ಕೋಣೆಯೂ ಸಾಕು. ಕೋಣೆಗೆ ಹಿಂಬಾಗಿಲಿದ್ದರೆ ಇನ್ನೂ ಒಳ್ಳೆಯದು.