ಬಿಚ್ಚುವ ಮೊದಲೇ ಗೊತ್ತಾಗಬೇಕು

ಎಂಬತ್ತರ ದಶಕದಲ್ಲಿ ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂಬದಿ ಗಲ್ಲಿಗಳ ಷೆಡ್ಡುಗಳಿಗೆ ಬರುತ್ತಿದ್ದುದು ಬಹುಪಾಲು ಅಂಬಾಸಡರ್, ಇಲ್ಲವೇ ಪದ್ಮಿನಿ. ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅದಿನ್ನೂ ಹೊಸದು, ಎಂಜಿನ್ ಕೆಲಸಕ್ಕೆ ಬರುವಷ್ಟು ಸವೆದಿರಲಿಲ್ಲ. ನಾನು ಪಾನಾ ಎತ್ತಿಕೊಡುತ್ತಾ ಕೆಲಸ ಕಲಿತ ಷೆಡ್ಡಿನ ಮೇಸ್ತ್ರಿಯದು ಒಂದೇ ಹಟ: "ಬಿಚ್ಚಿದ್ಮೇಲೆ ಎಲ್ರಿಗೂ ಕಾಣುತ್ತೆ ಕಣೋ. ಮುಚ್ಚಿರುವಾಗ ಹೇಳು."

ಹಗುರವಾಗಿ ಟಕಟಕ ಅಂದರೆ ಟ್ಯಾಪೆಟ್. ಗ್ಯಾಪ್ ಸರಿಮಾಡಿದರೆ ಮುಗಿಯಿತು. ತಣ್ಣಗಿದ್ದಾಗ ಬಡಿದು, ಬಿಸಿಯಾಗುತ್ತಾ ಅಡಗಿದರೆ ಬೋರು ಸವೆದು ಪಿಸ್ಟನ್ ಆಡುತ್ತಿದೆ. ಗಾಡಿ ಇನ್ನೂ ಕೆಲಕಾಲ ಓಡೀತು. ಆದರೆ ಎಂಜಿನ್ ಕಾದು ಆಯಿಲ್ ತೆಳುವಾದ ಮೇಲೆ, ಆಕ್ಸಿಲೇಟರ್ ಒತ್ತಿದಾಗ ತಳದಿಂದ ದಪ್ಪನೆಯ ಬಡಿತ ಬಂತೋ, ಮೇಸ್ತ್ರಿ ಮಾತು ನಿಲ್ಲಿಸಿಬಿಡುತ್ತಿದ್ದರು. ಅದು ಕನೆಕ್ಟಿಂಗ್ ರಾಡ್ ಬೇರಿಂಗ್. ಆಗ ನಾಲ್ಕೂ ಪ್ಲಗ್ ವೈರುಗಳನ್ನು ಒಂದೊಂದಾಗಿ ತೆಗೆಸುವರು. ಯಾವ ಸಿಲಿಂಡರಿಗೆ ಕರೆಂಟ್ ತಪ್ಪಿದಾಗ ಬಡಿತ ಮೆತ್ತಗಾಗುತ್ತದೋ ಕೆಟ್ಟಿರುವುದು ಅದೇ. ಅಲ್ಲಿ ಪೆಟ್ರೋಲ್ ಉರಿಯದಿದ್ದರೆ ಪಿಸ್ಟನ್ ರಾಡನ್ನು ಜೋರಾಗಿ ಕೆಳಕ್ಕೆ ತಳ್ಳುವುದಿಲ್ಲ, ಸಡಿಲ ಬೇರಿಂಗಿಗೆ ಅಷ್ಟು ಏಟೂ ಬೀಳುವುದಿಲ್ಲ. ಆಮೇಲೆ ಆಯಿಲ್ಲನ್ನು ಚೊಕ್ಕ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿಯುತ್ತಿದ್ದೆವು. ತಾಮ್ರದ ಬಣ್ಣದ ಪುಡಿ ಮಿನುಗಿದರೆ ಬೇರಿಂಗಿನ ಮೇಲ್ಪದರ ಸವೆದು ಒಳಪದರ ಎದ್ದಿದೆ ಎಂದರ್ಥ. ಅಂಥ ಗಾಡಿಯನ್ನು ಮನೆತನಕ ಓಡಿಸಲೂ ಬಿಡುತ್ತಿರಲಿಲ್ಲ. ರಾಡ್ ಮುರಿದು ಬ್ಲಾಕನ್ನೇ ತೂತು ಮಾಡಬಲ್ಲದು.

ಬ್ಯಾಕ್ ಕಂಪ್ರೆಷನ್ (ಉರಿದ ಅನಿಲ ಆಯಿಲ್ ಚೇಂಬರಿಗೆ ನುಗ್ಗುವುದು), ನೀಲಿ ಹೊಗೆ ಇದ್ದರೆ ಕಂಪ್ರೆಷನ್ ಗೇಜ್ ಹಾಕಿ ನೋಡುವುದು. ಕಂಪ್ರೆಷನ್ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದಿಷ್ಟು ಆಯಿಲ್ ಬಿಟ್ಟು ಮತ್ತೆ ನೋಡಿದಾಗ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಎಲ್ಲ ಷೆಡ್ಡುಗಳಲ್ಲೂ ಇಷ್ಟು ತಾಳ್ಮೆ ಇತ್ತೆಂದರೆ ಸುಳ್ಳಾದೀತು. ಹೊಗೆ ಕಂಡದ್ದೇ ತಡ, ಎಂಜಿನ್ ಇಳಿಸಿ ಬೋರಿಂಗಿಗೆ ಕಳಿಸಿ ಗಿರಾಕಿಯ ಗಂಟು ಕರಗಿಸಿದವರೂ ಇದ್ದರು.

2000ದ ಆಸುಪಾಸಿನಲ್ಲಿ ಹೊಸ ಕಾರುಗಳಿಂದ ಕಾರ್ಬ್ಯುರೇಟರ್ ಹೋಯಿತು, ಡಿಸ್ಟ್ರಿಬ್ಯೂಟರೂ ಹಿಂದೆಯೇ ಹೋಯಿತು. 2014ರಲ್ಲಿ ಉತ್ತರಪಾಡಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆಯೇ ನಿಂತಿತು. ಸ್ಕ್ಯಾನರ್ ಬಂದು ಮಿಸ್ ಹೊಡೆಯುವ ಸಿಲಿಂಡರ್ ಯಾವುದೆಂದು ಕ್ಷಣದಲ್ಲಿ ತೋರಿಸಿತು. ಅದು ದೊಡ್ಡ ಉಪಕಾರ. ಆದರೆ ಬೇರಿಂಗ್ ಸಡಿಲವಾಗಿದೆ ಎಂದು ಹೇಳುವ ಸೆನ್ಸರ್ ಸಾಮಾನ್ಯ ಕಾರಿನಲ್ಲಿಲ್ಲ. ನಾಕ್ ಸೆನ್ಸರ್ ಇರುವುದು ಪೆಟ್ರೋಲ್ ತಪ್ಪಾಗಿ ಸಿಡಿಯುವುದನ್ನು ಹಿಡಿಯಲು. ಬೇರಿಂಗ್ ಬಡಿತವನ್ನೂ ಅದೇ ಎಂದುಕೊಂಡು ಟೈಮಿಂಗ್ ಹಿಂದಕ್ಕೆಳೆದೀತು. ಕೋಡ್ ಬರಲಿಲ್ಲವೆಂದು ಸದ್ದನ್ನೇ ಅಲ್ಲಗಳೆಯುವುದು, ಆಮೇಲೆ ಎಂಜಿನ್ನನ್ನೇ ಬದಲಿಸಿ ಎನ್ನುವುದು ನನಗೆ ಸಂಕಟ ತರುತ್ತದೆ. ಹಳೆಯ ಕಾರಿನ ಯಜಮಾನ ಆ ಖರ್ಚು ಕೇಳಿ ಗಾಡಿಯನ್ನು ಗುಜರಿಗೆ ಹಾಕುತ್ತಾನೆ.

ಈಚೆಗೆ ಒಬ್ಬ ಹುಡುಗ ಸ್ಕ್ಯಾನರಿನಿಂದಲೇ ಇಂಜೆಕ್ಟರುಗಳನ್ನು ಒಂದೊಂದಾಗಿ ನಿಲ್ಲಿಸುತ್ತಾ, ಬಾನೆಟ್ಟಿನ ಮೇಲೆ ಬಗ್ಗಿ ಕೇಳುತ್ತಿದ್ದ. ಮೂರನೆಯದಕ್ಕೆ ಬಡಿತ ಇಳಿಯಿತು. ಹೆಡ್ ಮುಟ್ಟದೆ ಆಯಿಲ್ ಚೇಂಬರ್ ಬಿಚ್ಚಿ, ಕ್ರ್ಯಾಂಕಿಗೆ ಮೈಕ್ರೋಮೀಟರ್ ಹಿಡಿದ. ಗೀರು ಬಿದ್ದಿರಲಿಲ್ಲ, ಅಳತೆಯೂ ಸರಿಯಿತ್ತು. ಬೇರಿಂಗ್ ಸೆಟ್ಟು, ಆಯಿಲ್ ಪಂಪ್, ಹೊಸ ಆಯಿಲ್ ಎಂದು ಚೀಟಿ ಬರೆದುಕೊಟ್ಟ.