ವರಂಧಾ ಘಟ್ಟದ ಎಡಮುರಿ ನಟ್ಟುಗಳು

ಪುಣೆಯಿಂದ ಸಾತಾರೆಯ ಹೆದ್ದಾರಿ ಹಿಡಿದು, ಕಾಪೂರಹೋಳದಲ್ಲಿ ಬಲಕ್ಕೆ ಹೊರಳಿದರೆ ಹಳೆಯ ಸಂಸ್ಥಾನದ ಊರಾದ ಭೋರ ಸಿಗುತ್ತದೆ. ಅಲ್ಲಿಂದ ದಾರಿಯು ನೀರಾ ದೇವಘರ ಜಲಾಶಯವನ್ನು ಬಳಸಿಕೊಂಡು ಸಹ್ಯಾದ್ರಿಯ ನೆತ್ತಿಗೇರಿ, ವರಂಧಾ ಘಟ್ಟವನ್ನಿಳಿದು ಕೊಂಕಣದ ಮಹಾಡವನ್ನು ಸೇರುತ್ತದೆ. ನೆತ್ತಿಯ ಈಚೆಗೆ ಬಿದ್ದ ಮಳೆ ನೀರಾ ನದಿಯಾಗಿ ಭೀಮೆಯನ್ನು ಕೂಡಿ, ನಮ್ಮ ಗಾಣಗಾಪುರದ ಮಗ್ಗುಲಲ್ಲಿ ಹಾಯ್ದು ಕೃಷ್ಣೆಗೆ ಸೇರುತ್ತದೆ; ಆಚೆಗೆ ಬಿದ್ದದ್ದು ಸಾವಿತ್ರಿಯೊಡನೆ ಅರಬ್ಬೀ ಸಮುದ್ರಕ್ಕೆ. ಪುಣೆಯಲ್ಲಿ ನೆಲೆಸಿದ ನಮಗೆ ಆ ನೀರನ್ನು ಕಂಡಾಗ, ಊರಿಗೆ ಹೊರಟ ಬಂಧುವನ್ನು ಬೀಳ್ಕೊಟ್ಟಂತಾಯಿತು.

ಮಳೆಗಾಲದಲ್ಲಿ ಗುಡ್ಡ ಕುಸಿದು ಈ ದಾರಿ ಮುಚ್ಚುವುದುಂಟು. ಆದ್ದರಿಂದ ದೀಪಾವಳಿ ಕಳೆದ ಮೇಲೆಯೇ ಎರಡು ಮನೆಯವರು ಏಳು ಮಂದಿ ಹೊರಟೆವು. ಭಾವನವರು ಕಡಲ ದಂಡೆಯ ಊರೊಂದರಿಂದ ಕೊಂಡುತಂದ ಹಳೆಯ ವಿಲ್ಲೀಸ್ ಮಾದರಿಯ ಜೀಪೇ ನಮ್ಮ ವಾಹನ. ಉಪ್ಪುಗಾಳಿ ಅದರ ಕಬ್ಬಿಣವನ್ನೆಲ್ಲ ರುಚಿ ನೋಡಿತ್ತು.

ವಾಘಜಾಯಿ ಗುಡಿಯ ಬಳಿ ಬಿಸಿ ಭಜಿ ತಿಂದು ನಾಲ್ಕು ತಿರುವು ಇಳಿದಿದ್ದೆವು, ಮುಂದಿನ ಎಡಗಾಲಿಯ ಗಾಳಿ ಹೋಯಿತು. ಹೊತ್ತು ಮುಳುಗುತ್ತಿತ್ತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಕಣಿವೆ. ಸಕ್ಕರೆ ಕಾಯಿಲೆಯ ಅಜ್ಜಿಗೆ ಹೊತ್ತಿಗೆ ಸರಿಯಾಗಿ ಊಟವಾಗಬೇಕು. ಗಾಲಿಯ ಐದು ನಟ್ಟುಗಳಾದರೋ ತುಕ್ಕು ಹಿಡಿದು ಕಲ್ಲಾಗಿದ್ದವು.

ಹಿಂದೆ ಬಂದ ಲಾರಿಯ ಹುಡುಗ ಪಾಪ, ತಾನಾಗಿ ಇಳಿದು ಬಂದು, ಪಾನಾದ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಅದರ ಮೇಲೆ ನಿಲ್ಲುವುದರಲ್ಲಿದ್ದ. ಆಗ ನಮ್ಮೊಡನಿದ್ದ, ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದ ರಾಯರು ಕೂಗಿದರು: “ನಿಲ್ಲಪ್ಪಾ! ಇದು ಎಡಮುರಿ!”

ಶಂಖದಲ್ಲಿ ಬಲಮುರಿ, ಎಡಮುರಿ ಎಂದು ಎರಡು ಬಗೆ ಇರುವಂತೆ ಈ ಹಳೆಯ ಜೀಪುಗಳ ನಟ್ಟಿನಲ್ಲಿಯೂ ಉಂಟು. ಎಡಬದಿಯ ಗಾಲಿ ಮುಂದಕ್ಕೆ ಉರುಳುವಾಗ ಸಾಮಾನ್ಯ ನಟ್ಟು ತಾನೇ ಸಡಿಲವಾದೀತೆಂದು, ಆ ಬದಿಗೆ ತಿರುಗು ಮುರುಗು ಮರೆ ಕೊರೆದಿರುತ್ತಾರೆ. ಅಲ್ಲಿ ಗಡಿಯಾರದ ಮುಳ್ಳು ಸುತ್ತುವ ಕಡೆಗೆ ತಿರುಗಿಸಿದರೇ ನಟ್ಟು ಬಿಚ್ಚುವುದು. ರೂಢಿಯಂತೆ ತಿರುಗಿಸಿದರೆ ಇನ್ನೂ ಬಿಗಿದು, ಕೊನೆಗೆ ಬೋಲ್ಟೇ ಮುರಿಯುತ್ತದೆ. ರಾಯರು ಬೋಲ್ಟಿನ ತುದಿಯನ್ನು ಉಜ್ಜಿದಾಗ ‘ಎಲ್’ ಎಂಬ ಇಂಗ್ಲಿಷ್ ಅಕ್ಷರ ಕಾಣಿಸಿತು.

ಮುಂದಿನ ಕೆಲಸ ತಾಳ್ಮೆಯದು. ಹಿಂದಿನ ಗಾಲಿಗಳಿಗೆ ಕಲ್ಲು ಒಡ್ಡಿದೆವು. ಜ್ಯಾಕು ಏರಿಸಲಿಲ್ಲ, ಗಾಲಿ ನೆಲಕ್ಕೆ ಊರಿದ್ದಾಗಲೇ ನಟ್ಟು ಸಡಿಲಿಸಬೇಕು, ಇಲ್ಲವಾದರೆ ಗಾಡಿ ಜಾರೀತು. ಲಾರಿಯವರು ಕೊಟ್ಟ ಡೀಸೆಲ್ಲನ್ನು ನಟ್ಟಿನ ಬುಡಕ್ಕೆ ತೊಟ್ಟಿಕ್ಕಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾಲು ಗಂಟೆ ಕಾದೆವು. ಆ ಹೊತ್ತಿನಲ್ಲಿ ರಾಯರು ಮಕ್ಕಳಿಗೆ ಕೆಳಗಿನ ಕಾಡನ್ನು ತೋರಿಸಿ, ಶಿವಥರ ಘಳ ಅಲ್ಲಿಯೇ ಇದೆ, ಸಮರ್ಥ ರಾಮದಾಸರು ದಾಸಬೋಧವನ್ನು ಹೇಳಿ ಬರೆಸಿದ್ದು ಆ ಗವಿಯಲ್ಲಿ ಎಂಬ ನಂಬಿಕೆಯನ್ನು ತಿಳಿಸಿದರು.

ಬಳಿಕ ಪಾನಾವನ್ನು ಆಳವಾಗಿ ಕೂರಿಸಿ, ಮೊದಲು ಕೊಂಚ ಬಿಗಿದು, ಆಮೇಲೆ ಬಿಚ್ಚುವತ್ತ ಒತ್ತಿದಾಗ ನಟ್ಟು ‘ಕಿರ್’ ಎಂದಿತು. ನಾಲ್ಕು ಬಂದವು. ಐದನೆಯದಕ್ಕೆ ಮತ್ತೊಮ್ಮೆ ಡೀಸೆಲ್ಲಿನ ಸ್ನಾನ ಬೇಕಾಯಿತು. ಸ್ಟೆಪ್ನಿ ಕೂರಿಸಿ, ಮರೆಗಳನ್ನು ಒರೆಸಿ, ನಟ್ಟುಗಳನ್ನು ಒಂದು ಬಿಟ್ಟು ಒಂದರಂತೆ ಬಿಗಿದೆವು. ಲಾರಿಯ ಹುಡುಗ ಹಣ ಮುಟ್ಟಲಿಲ್ಲ. ಅಜ್ಜಿ ಕೊಟ್ಟ ಚಕ್ಕುಲಿಯನ್ನು ಮಾತ್ರ ಬೇಡವೆನ್ನಲಿಲ್ಲ. ರಾತ್ರಿ ಒಂಬತ್ತಕ್ಕೆ ಮಹಾಡದಲ್ಲಿ ಎಲ್ಲರ ಊಟವಾಯಿತು.

ಮರುದಿನ, 1927ರಲ್ಲಿ ಡಾ. ಅಂಬೇಡ್ಕರರು ಸತ್ಯಾಗ್ರಹ ನಡೆಸಿದ ಚವದಾರ ಕೆರೆಯನ್ನು ನೋಡಿಬಂದು, ಉಳಿದ ಗಾಲಿಗಳ ನಟ್ಟುಗಳನ್ನೂ ಒಂದೊಂದಾಗಿ ಬಿಚ್ಚಿ, ತಂತಿಯ ಬ್ರಷ್ಷಿನಿಂದ ತಿಕ್ಕಿ ಮತ್ತೆ ಬಿಗಿದೆವು. ಹಳೆಯ ಗಾಡಿ ಕೊಂಡ ವಾಚಕರು ಈ ಒಂದು ಕೆಲಸವನ್ನು ಮನೆಯ ಅಂಗಳದಲ್ಲಿ, ಹಗಲು ಬೆಳಕಿನಲ್ಲಿಯೇ ಮಾಡಿ ಮುಗಿಸಲಿ. ಆಮೇಲೆ ವರಂಧಾ ಘಟ್ಟವನ್ನು ಅವಶ್ಯ ನೋಡಲಿ.